ಕಾಯುವ ಕೋಣೆಯ ಹಿತ್ತಾಳೆ ಬಿಲ್ಲೆ

ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಜಗಳ ಆಡಿದ್ದೆವು. ರೈಲು ನಿಲ್ದಾಣದ ಕಾಯುವ ಕೋಣೆ ಗುಡಿಸುವುದು ನನ್ನ ಕೆಲಸ. ಅದರ ಮೂಲೆಯ ನೆಲದಲ್ಲಿ ಅಂಗೈಯಗಲದ ಹಿತ್ತಾಳೆ ಬಿಲ್ಲೆ ಇದೆ. ಬೂದಿ ಹಾಕಿ ಉಜ್ಜುತ್ತಿದ್ದೆ. ನಮ್ಮ ಯಜಮಾನರು ಹಿಂದಿನಿಂದ ಬಂದು ಕೂಗಿದರು.

"ಲೇ, ಉಜ್ಜಿ ಉಜ್ಜಿ ಸವೆಸಿಬಿಡ್ತೀಯ! ತಗ್ಗಾದ್ರೆ ಲೆಕ್ಕ ತಪ್ಪುತ್ತೆ."

"ನಿಮ್ಮ ಲೆಕ್ಕಕ್ಕಿಷ್ಟು ಬೆಂಕಿ ಹಾಕ. ಹೊಳೀಬೇಕೋ ಬೇಡ್ವೋ?"

"ಬರೀ ಬಟ್ಟೇಲಿ ಒರೆಸು, ಸಾಕು."

ಯಜಮಾನರು ಅಳತೆ ಇಲಾಖೆಯ ಜೀಪು ಡ್ರೈವರು. ಭೂಮಿ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತದಲ್ಲ, ಆ ಎಳೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಂತೆ. ಅದನ್ನು ಅಳೆಯುವ ಪೆಟ್ಟಿಗೆಯನ್ನು ಊರಿಂದೂರಿಗೆ ಒಯ್ಯಬೇಕು. ಮೊದಲು ದೇಶಕ್ಕೊಂದು ಲೆಕ್ಕ. ಗಡಿಯಲ್ಲಿ ತಾಳೆಯಾಗುತ್ತಿರಲಿಲ್ಲ. ಆಮೇಲೆ ಖಂಡದ ದೇಶಗಳೆಲ್ಲ ಕೂತು ಮಾತಾಡಿ, ಅಲ್ಲಲ್ಲಿ ಬಿಲ್ಲೆ ಹೂಳಿ, ಎಲ್ಲರೂ ಅವುಗಳ ಮೇಲೇ ಅಳೆಯುವುದೆಂದು ಒಪ್ಪಿಕೊಂಡವು. ನಮ್ಮ ಮೂಲೆಯದೂ ಅದರಲ್ಲೊಂದು. ನೆಲದಡಿ ಬಂಡೆಯಿದೆ, ಅದಕ್ಕೇ ಈ ಜಾಗ.

ಪೆಟ್ಟಿಗೆ ಕುಲುಕಬಾರದು. ಯಜಮಾನರ ಜೀಪನ್ನು ಸೈಕಲ್ಲಿನವರು ಬೈದುಕೊಂಡು ದಾಟಿ ಹೋಗುತ್ತಿದ್ದರು. ಹೆರಿಗೆ ನೋವು ಬಂದು ನನ್ನನ್ನು ಆಸ್ಪತ್ರೆಗೆ ಒಯ್ದಾಗ ಮಾತ್ರ ಒಂದು ಗುಂಡಿಯನ್ನೂ ಬಿಡಲಿಲ್ಲ. ಕೇಳಿದರೆ, "ನೀನೇನು ಕೆಡೋ ಸಾಮಾನಲ್ಲ" ಅಂದರು.

ಜಗಳ ಆಡಿದ ಆ ದಿನ ಗಡಿ ತನಕ ಹೋಗಿ ಬಂದು, ಬಿಲ್ಲೆಯ ಮೇಲೆ ನಮ್ಮ ಕಡೆಯ ಅಳತೆ ಮುಗಿಯಿತು. ಇನ್ನು ಆಚೆ ದೇಶದವರು ಬಂದು ಇಲ್ಲೇ ಅಳೆಯಬೇಕು. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಮೇಲೆ ಹೋದಷ್ಟೂ ಎಳೆತ ಕಮ್ಮಿ ಅಂತೀರಲ್ಲ, ಅಟ್ಟ ಹತ್ತಿದ್ರೆ ನಾನು ಹಗುರ ಆಗ್ತೀನಾ?"

"ಆಗ್ತೀಯ. ಅಟ್ಟ ತಡ್ಕೊಂಡ್ರೆ."

ಹೇಳಿ ತಾವೇ ನಕ್ಕರು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಉಸಿರು ನಿಂತಿತ್ತು.

ನಾನು ಕೆಲಸಕ್ಕೆ ಮರಳಿದ ವಾರವೇ ಕೋಣೆಗೆ ಟೈಲ್ಸ್ ಹಾಕಲು ಬಂದರು. ಬಿಲ್ಲೆಯನ್ನೂ ಮುಚ್ಚುತ್ತಾರಂತೆ. ಮುಚ್ಚಿದರೆ ಆಚೆಯವರು ಎಲ್ಲಿ ಅಳೆಯಬೇಕು? ಯಜಮಾನರ ಕೊನೆಯ ಓಡಾಟ ದಂಡ. ಬಿಲ್ಲೆಯ ಮೇಲೆ ಕುರ್ಚಿ ಹಾಕಿ ಕೂತೆ.

"ಅಮ್ಮಾ, ಏಳಿ. ಇದೊಂದು ಮೂಲೆ ಉಳಿದಿದೆ" ಅಂದ ಮೇಸ್ತ್ರಿ.

"ಏಳಲ್ಲ."

"ಕುರ್ಚಿ ಸಮೇತ ಎತ್ತಿಡ್ತೀವಿ ನೋಡಿ."

"ಎತ್ತಪ್ಪ. ನನ್ನ ಗಂಡನ ಕೈಲೇ ಆಗಿರ್ಲಿಲ್ಲ."

ಕೂಲಿಯವರೆಲ್ಲ ಗೊಳ್ಳೆಂದು ನಕ್ಕರು. ಗಲಾಟೆ ಕೇಳಿ ಸ್ಟೇಷನ್ ಮಾಸ್ಟರು ಬಂದರು.

"ಏನಮ್ಮಾ ಇದು?"

"ಅಳತೆ ಇಲಾಖೆಗೆ ಫೋನ್ ಮಾಡಿ ಸಾರ್. ಅವರು ಮುಚ್ಚಿ ಅಂದ್ರೆ ನಾನೇ ಸಿಮೆಂಟ್ ಕಲಸಿ ಕೊಡ್ತೀನಿ."

ಮಾಡಿದರು. ಆ ಕಡೆಯಿಂದ ಏನು ಬೈದರೋ, ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡರು. ಮೇಸ್ತ್ರಿ ಬಿಲ್ಲೆಯ ಸುತ್ತ ಜಾಗ ಬಿಟ್ಟು ಟೈಲ್ಸ್ ಕತ್ತರಿಸಿದ.

ಮುಂದಿನ ತಿಂಗಳು ಆಚೆ ದೇಶದವರು ಬಂದರು. ಅವರ ಡ್ರೈವರು ಪೆಟ್ಟಿಗೆಯನ್ನು ಕೂಸಿನ ಹಾಗೆ ಅವುಚಿಕೊಂಡು ತಂದ. ರೈಲು ಇಲ್ಲದ ಹೊತ್ತು ನೋಡಿ ಬಿಲ್ಲೆಯ ಮೇಲಿಟ್ಟರು. ಅವರ ಇಂಜಿನಿಯರಮ್ಮ ಬಗ್ಗಿ ಕಣ್ಣಿಟ್ಟು ನೋಡಿದಳು, ನಮ್ಮವರೊಡನೆ ಕೂತು ಲೆಕ್ಕ ಹಾಕಿದಳು. ತಾಳೆಯಾಯಿತು. ಎಲ್ಲರೂ ಕೈ ಕುಲುಕಿದರು, ನನ್ನದೂ. ನೆಲ ಒರೆಸಿದ ಒದ್ದೆ ಕೈ.

ಆ ಡ್ರೈವರನ ಭಾಷೆ ನನಗೆ ಬಾರದು. ಗಡಿಯಲ್ಲಿ ಯಜಮಾನರನ್ನು ಕಂಡಿದ್ದನೇನೋ, ಸ್ಟೀರಿಂಗ್ ತಿರುಗಿಸುವ ಹಾಗೆ, ಬಲು ನಿಧಾನವಾಗಿ, ಕೈ ಮಾಡಿ ತೋರಿಸಿದ. ಎಲ್ಲಿ ಎಂದು ಹುಬ್ಬು ಹಾರಿಸಿದ. ಇಲ್ಲವೆಂದು ತಲೆ ಆಡಿಸಿದೆ. ಅವನು ಟೋಪಿ ತೆಗೆದು ನಿಂತ.

ಈಗಲೂ ಬೆಳಿಗ್ಗೆ ಮೊದಲ ರೈಲಿಗೆ ಮುಂಚೆ ಕೋಣೆ ಗುಡಿಸುತ್ತೇನೆ. ಆಮೇಲೆ ಬಿಲ್ಲೆ ಒರೆಸುತ್ತೇನೆ. ಬರೀ ಬಟ್ಟೆಯಲ್ಲಿ.