ಹೆರಿಗೆ ಖರ್ಚು: ಸೊನ್ನೆ

ಅಂಕಿ ಅಂಶದ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸಮೀಕ್ಷೆ ಇಟ್ಟುಕೊಂಡು, ಆರೋಗ್ಯ ವಿಮೆ ಮಾಡಿಸಿದವರ ಆಸ್ಪತ್ರೆ ಖರ್ಚು ಇಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಕಾಯಿಲೆ ಇರುವವರೇ ವಿಮೆಗೆ ಮೊದಲು ಓಡಿಬರುತ್ತಾರೆ. ಹಾಗಾಗಿ ಸುಮ್ಮನೆ ಹೋಲಿಸುವಂತಿಲ್ಲ. ಜಮೀನು, ಆದಾಯ, ಹಳೆಯ ಕಾಯಿಲೆಗಳಲ್ಲಿ ಒಂದನ್ನೊಂದು ಹೋಲುವ ಮನೆಗಳನ್ನು ಜೋಡಿ ಮಾಡಿ ತೂಗುವ ಮಾದರಿಯೊಂದನ್ನು ಕಟ್ಟಿದೆ. ವಿಮೆಯಿದ್ದ ಮನೆಗಳಲ್ಲಿ ಹೆರಿಗೆ ಖರ್ಚು ತೀರಾ ಕಡಿಮೆ ಬಂತು. ಎಷ್ಟೋ ಮನೆಗಳಲ್ಲಿ ಸೊನ್ನೆ. ಇದು ವಿಮೆಯ ಮಹಿಮೆ ಎಂದು ಕಚೇರಿಯ ಸಭೆಯಲ್ಲಿ ಜಂಬದಿಂದ ತೋರಿಸಿದೆ.

ಮನೆಮನೆ ಸುತ್ತಿ ಮಾಹಿತಿ ತಂದಿದ್ದ ಪಿರಿಯಾಪಟ್ಟಣದ ಹೆಂಗಸೊಬ್ಬರು ಹಿಂದಿನ ಕುರ್ಚಿಯಿಂದ ಎದ್ದರು. "ಸಾರ್, ವಿಮೆ ಮಾಡ್ಸಿರೋರಲ್ಲಿ ಒಸದಾಗಿ ಮದ್ವೆ ಆದೋರೇ ಜಾಸ್ತಿ ಕಣ್ರೀ. ಚೊಚ್ಚಲ ಹೆರಿಗೆ ತವರಲ್ಲಿ ಅಲ್ವಾ? ಖರ್ಚೆಲ್ಲ ಎಣ್ಣಿನ ಅಪ್ಪಂದು. ಗಂಡನ್ ಮನೇಲಿ ಕೇಳುದ್ರೆ ಸೊನ್ನೆ ಅಂತ್ಲೇ ಅಂತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ವರದಿಯನ್ನು ವಾಪಸ್ ತೆಗೆದುಕೊಂಡೆ. ಅದೇನೂ ಕಷ್ಟವಾಗಲಿಲ್ಲ.

ನನ್ನ ಮನೆಯೂ ಅಂಥದ್ದೇ ಒಂದು ಸೊನ್ನೆ. ಹೆಂಡತಿ ಚೊಚ್ಚಲ ಹೆರಿಗೆಗೆ ಸಾಲಿಗ್ರಾಮದ ತವರಿಗೆ ಹೋಗಿದ್ದಳು. ಕೆ.ಆರ್. ನಗರದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಾನು ಹೋಗಿ ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡೆ, ನರ್ಸುಗಳಿಗೆ ಸ್ವೀಟ್ ಹಂಚಿದೆ. ಹೆಂಡತಿಯ ಹೆಸರಿದ್ದ ವಿಮೆ ಕಾರ್ಡು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಚೊಚ್ಚಲ ಹೆರಿಗೆ ಅವರ ಕರ್ತವ್ಯವಲ್ಲವೇ ಎಂದು ಸುಮ್ಮನಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಭಾನುವಾರ ಸಾಲಿಗ್ರಾಮಕ್ಕೆ ಹೋಗಿ, ಆಸ್ಪತ್ರೆಗೆ ಹೇಗೆ ಹೊಂದಿಸಿದಿರಿ ಎಂದು ಮಾವನನ್ನು ಕೇಳಿದೆ.

"ಅದೆಲ್ಲ ಈಗ್ಯಾಕೆ, ಬುಡಿ" ಎಂದರು. ನಾನು ಬಿಡಲಿಲ್ಲ.

"ಹಲ್ಲು ಕಟ್ಟುಸ್ಕೊಳಾಣ ಅಂತ ಒಸಿ ದುಡ್ಡು ಮಡಗಿದ್ದೆ. ಡೈರಿ ಹಾಲಿನ ದುಡ್ಡೂ ಸೇರುಸ್ದೆ, ಆಯ್ತು. ಮುದ್ದೆ ನುಂಗೋನಿಗೆ ಹಲ್ಯಾಕೆ ಬೇಕು ಹೇಳಿ?" ಎಂದು ಬೊಚ್ಚು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

ಅಷ್ಟರಲ್ಲಿ ಅತ್ತೆ ಊಟಕ್ಕೆ ಎಲೆ ಹಾಕಿದರು. ಕೋಳಿ ಸಾರು. ನಾನು ಬಂದಾಗಲೆಲ್ಲ ಮಾವ ತಮ್ಮ ಊಟ ಆಗಲೇ ಆಯಿತೆಂದು ಹೇಳಿ ತಾವೇ ನಿಂತು ಬಡಿಸುತ್ತಿದ್ದರು. ಅಳಿಯನೆಂಬ ಗೌರವಕ್ಕೆ ಪಕ್ಕದಲ್ಲಿ ಕೂರುವುದಿಲ್ಲ ಎಂದುಕೊಂಡು ಮೂರು ವರ್ಷ ಬೀಗಿದ್ದೆ. ಅಂದೂ ಅವರು, "ನಂದಾಯ್ತು, ನೀವು ತಿನ್ನಿ" ಎನ್ನುತ್ತಾ ಕೋಳಿಯ ತೊಡೆಯನ್ನು ಆರಿಸಿ ನನ್ನ ಎಲೆಗೆ ಹಾಕಿದರು.