ಅನಸೂಯಾಬಾಯಿ ಉಗ್ರಾಣದ ಮೇಲೆ ದಂಡೆತ್ತಿ ಹೋದದ್ದು

ಮಾನ್ವಿಯ ಅನಸೂಯಾಬಾಯಿಗೆ ಬಂಗಾರ ಬೇಕಿರಲಿಲ್ಲ, ಹೊಲ ಬೇಕಿರಲಿಲ್ಲ. ಅತ್ತೆ ತುಂಗಾಬಾಯಿಯ ಸೊಂಟದಲ್ಲಿ ನೇತಾಡುವ ಉಗ್ರಾಣದ ಕೀಲಿಕೈ ಒಂದು ಸಿಕ್ಕರೆ ಸಾಕಿತ್ತು. ಮದುವೆಯಾಗಿ ಬಂದ ದಿನ ಅದರ ಮೇಲೆ ನೆಟ್ಟ ಕಣ್ಣನ್ನು ಎರಡು ಮಕ್ಕಳಾದ ಮೇಲೂ ಆಕೆ ಕಿತ್ತಿರಲಿಲ್ಲ. ಆ ಕೀಲಿಕೈಯಾದರೂ ಎಂಥದ್ದು! ಅತ್ತೆಯ ಜೊತೆ ಸ್ನಾನ ಮಾಡುತ್ತಿತ್ತು, ಮಡಿಯಲ್ಲಿರುತ್ತಿತ್ತು, ಏಕಾದಶಿ ದಿನ ಉಪವಾಸವನ್ನೂ ಮಾಡುತ್ತಿತ್ತು. ಮಹಾಯುದ್ಧ ಮುಗಿದರೂ ಸಕ್ಕರೆಯ ಕಂಟ್ರೋಲು ಮುಗಿಯದಿದ್ದ ಕಾಲ ಅದು. ಹಿಡಿ ಶೇಂಗಾ ಬೇಕೆಂದರೂ ಸೊಸೆ ಹೊಸ್ತಿಲ ಹೊರಗೆ ನಿಂತು ಅರಿಕೆ ಮಾಡಿಕೊಳ್ಳಬೇಕು, ಒಳಗಿನಿಂದ "ಯಾತಕ್ಕ?" ಎಂಬ ವಿಚಾರಣೆ ನಡೆಯಬೇಕು. ಇದಕ್ಕಿಂತ ಹೈದರಾಬಾದಿನ ದರ್ಬಾರೇ ಲಗೂನ ಮೊಹರು ಒತ್ತುತ್ತದೆ ಎಂದು ಅನಸೂಯಾಬಾಯಿಯ ತಕರಾರು.

"ಇದಕ್ಕ ರಾಜಪ್ರಭುತ್ವ ಅಂತಾರ," ಎಂದು ಮಾಸ್ತರನಾದ ಗಂಡ ಹೆಸರು ಹೇಳಿ ಕೈ ತೊಳೆದುಕೊಂಡಿದ್ದ.

ಇಷ್ಟೇ ಆಗಿದ್ದರೆ ಸಹಿಸಿಕೊಂಡಾಳು. ಆದರೆ ಆಕೆಗೆ ಇಬ್ಬರು ಒಡಹುಟ್ಟಿದವರಿದ್ದರು. ರಾಯಚೂರಿನ ಅಕ್ಕ ಕಾವೇರಿಬಾಯಿಯ ಗಂಡ ವಕೀಲ. ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ ಆತ ತನ್ನ ಮನೆಗೆ ಪ್ರಜಾಪ್ರಭುತ್ವ ತಂದಿದ್ದ: ಏನು ಅಡಿಗೆ ಎಂಬುದನ್ನು ಎಲ್ಲರೂ ಕೈ ಎತ್ತಿ ತೀರ್ಮಾನಿಸಬೇಕು. ದೇವದುರ್ಗದ ತಂಗಿ ಸರಸ್ವತಿಬಾಯಿಯ ಮೈದುನ ಸೊಲ್ಲಾಪುರದ ಗಿರಣಿಯಲ್ಲಿದ್ದು ಬಂದವನು. ಬಂದವನೇ ಮನೆಯಲ್ಲಿ ಎಲ್ಲರೂ ಸಮಾನರೆಂದು ಸಾರಿ, ತಾನೇ ಬೀಸುಕಲ್ಲಿನ ಮುಂದೆ ಕೂತುಬಿಟ್ಟಿದ್ದ. ಗಂಡಸು! ಬೀಸುಕಲ್ಲು! ಈ ಸುದ್ದಿ ಕೇಳಿದ ದಿನ ಅನಸೂಯಾಬಾಯಿಗೆ ಹೊಟ್ಟೆಯಲ್ಲಿ ಇದ್ದಲಿ ಹಾಕಿ ಊದಿದಂತಾಯಿತು. ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಕಣ್ಣಾರೆ ನೋಡಿ ಇನ್ನಷ್ಟು ಉರಿದುಕೊಳ್ಳೋಣವೆಂದು ಪೆಟ್ರೋಲು ಸಿಗದೆ ಇದ್ದಲಿ ಗ್ಯಾಸಿನಿಂದ ಓಡುತ್ತಿದ್ದ ಮೋಟಾರು ಬಸ್ಸು ಹತ್ತಿ ರಾಯಚೂರಿಗೆ ಹೊರಟಳು.

ವಕೀಲರು ಪಡಸಾಲೆಯಲ್ಲಿ ನಿಂತು, "ಹಾಗಲಕಾಯಿ ಬ್ಯಾಡನ್ನೋರು ಕೈ ಎತ್ರಿ," ಎಂದರು. ಮಕ್ಕಳೆಲ್ಲ ಎತ್ತಿದರು. ಕಾವೇರಿಬಾಯಿಯ ಎರಡೂ ಕೈ ಕಣಕದಲ್ಲಿ ಮುಳುಗಿದ್ದವು.

"ನನ್ನ ಮತ ಯಾವತ್ತೂ ಹಿಟ್ಟಿನಾಗs ಇರತದ ಅನಸೂ," ಎಂದು ಅಕ್ಕ ನಿಟ್ಟುಸಿರಿಟ್ಟಳು. "ಗೆದ್ದವರಿಗೆ ಒಂದು ಪಲ್ಯ, ಸೋತವರು ಮುನಿಸಿಕೊಂಡ್ರ ಅವರಿಗೊಂದು. ಮಾಡಾಕಿ ನಾ ಒಬ್ಬಾಕಿನs."

ಅನಸೂಯಾಬಾಯಿಯ ಕಿವಿಗೆ ಇದು ಬೀಳಲೇ ಇಲ್ಲ. "ಕೇಳತಾರಲ್ಲ ಅಕ್ಕಾ! ಕೇಳತಾರಲ್ಲ!" ಎಂದು ಹಲುಬಿದಳು.

ಅಲ್ಲಿಂದ ತಂಗಿಯ ಮನೆಗೆ ಹೋದರೆ, ದೇವದುರ್ಗದಲ್ಲಿ ಒಂದು ಮಾವಿನಹಣ್ಣನ್ನು ಇಡೀ ಮನೆಗೆ ಸಮನಾಗಿ ಹೆಚ್ಚಿದರು. ಅನಸೂಯಾಬಾಯಿಯ ಪಾಲಿಗೆ ಬಂದದ್ದರಲ್ಲಿ ಸಿಪ್ಪೆಯೇ ಹೆಚ್ಚು. ಮೈದುನ ಬೆವರು ಸುರಿಸಿ ಬೀಸಿದ ಹಿಟ್ಟು ರವೆಯಂತಿತ್ತು, ರೊಟ್ಟಿ ಬಡಿದರೆ ಅಂಚೆಲ್ಲ ಒಡೆಯುತ್ತಿತ್ತು.

"ಅವನ ಸಮಾನತೆ ಮುಗಿದ ಮ್ಯಾಲೆ ನಾ ಇನ್ನೊಮ್ಮೆ ಬೀಸ್ಕೋತೀನಿ," ಎಂದಳು ಸರಸ್ವತಿಬಾಯಿ. "ನಿಂದs ಛಲೋ. ಒಬ್ಬರು ಹೇಳತಾರ, ನೀ ಬೈಕೋತ ಮಾಡತಿ."

"ಕೂಡತಾನಲ್ಲ! ಗಂಡಸು ಕಲ್ಲಿನ ಮುಂದ ಕೂಡತಾನಲ್ಲ!" ಎಂದಳು ಅನಸೂಯಾಬಾಯಿ.

ಊರಿಗೆ ಮರಳಿದವಳೇ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಹಿತ್ತಲಿಗೆ ಕರೆದು ಕಿವಿಯೂದಿದಳು. ಗಂಡ, ಮೈದುನ, ನೆಗೆಣ್ಣಿ ಗೋದಾಬಾಯಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಎರಡು ಮಕ್ಕಳು, ಎಲ್ಲರೂ ಗೋಣು ಹಾಕಿದರು. ಆಮೇಲೆ ಸೆರಗು ಬಿಗಿದು ಅತ್ತೆಯ ಮುಂದೆ ನಿಂತು, "ಕೀಲಿಕೈ ಯಾರ ಹತ್ರ ಇರಬೇಕಂತ ಕೈ ಎತ್ತಸೋಣ್ರಿ ಅತ್ಯಾ," ಎಂದಳು.

ತುಂಗಾಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಎತ್ತಸವಾ. ಊಟ ಆಗಲಿ."

ಊಟವಾಯಿತು. ಕೈಗಳು ಎದ್ದವು. ಅತ್ತೆಯ ಕಡೆಗೆ ಇಡೀ ಮನೆಯ ಕೈ, ಅನಸೂಯಾಬಾಯಿಯ ಕಡೆಗೆ ಅನಸೂಯಾಬಾಯಿಯ ಕೈ. ಕಿರಿಮಗನಂತೂ ಅಜ್ಜಿಗಾಗಿ ಎರಡೂ ಕೈ ಎತ್ತಿದ್ದ.

ಸೋತ ದಂಡನಾಯಕಿ ಗೋದಾಬಾಯಿಯನ್ನು ಬಾವಿಕಟ್ಟೆಯ ಹತ್ತಿರ ತರುಬಿದಳು. "ಗೋಣು ಹಾಕಿದ್ದಿಯಲ್ಲs? ಏನಾತು?"

ಗೋದಾಬಾಯಿ ನೆಲ ನೋಡಿದಳು. "ಮಧ್ಯಾಹ್ನ ಅತ್ಯಾ ನನಗ ಗುಟ್ಟಾಗಿ ಶೇಂಗಾ ಉಂಡಿ ಕೊಡತಾರ, ಅಕ್ಕಾ. ನನಗ ಒಬ್ಬಾಕಿಗೇ ಅಂತ."

ಮಕ್ಕಳನ್ನು ಗದರಿಸಿದರೆ ಬೆಲ್ಲ ಹೊರಬಿತ್ತು. ಮೈದುನ ಒಣಕೊಬ್ಬರಿ ಒಪ್ಪಿಕೊಂಡ. ಗಂಡ ಪೇಪರಿನ ಹಿಂದೆ ಅಡಗಿಕೊಂಡೇ, "ಒಂದು ಲೋಟ ಗಟ್ಟಿ ಕಾಫಿ, ಅಷ್ಟs," ಎಂದ.

ರಾಯಚೂರು ಮರೆತುಹೋಯಿತು, ದೇವದುರ್ಗ ಮರೆತುಹೋಯಿತು. ಅಕ್ಕತಂಗಿಯರ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಉಸಿರಿಗೆ ತನ್ನ ಮನೆಯ ಗೋಡೆಯೊಳಗೆ ಬಂದು ಕೂತಿತು. ಅನಸೂಯಾಬಾಯಿ ಉಗ್ರಾಣದ ಬಾಗಿಲಿಗೆ ನುಗ್ಗಿದಳು.

"ಎಲ್ಲಾರಿಗೂ ಕೊಡತೀರಿ! ನನಗ ಯಾಕ ಇಲ್ಲ ಅತ್ಯಾ?"

"ನೀ ಕೀಲಿಕೈ ಕೇಳ್ಕೋತ ಬಂದಿ," ಎಂದಳು ತುಂಗಾಬಾಯಿ. "ಉಂಡಿ ಯಾವಾಗ ಕೇಳಿದಿ?"

ಡಬ್ಬಿಯ ಮುಚ್ಚಳ ತೆರೆಯಿತು. ಅಂಗೈಗೆ ಉಂಡಿ ಬಿತ್ತು. "ಯಾರ ಮುಂದೂ ಆಡಬ್ಯಾಡ. ನಿನಗ ಒಬ್ಬಾಕಿಗೇ."

ಹಸಿ ಸುಳ್ಳೆಂದು ಗೊತ್ತಿದ್ದೂ ಅನಸೂಯಾಬಾಯಿಯ ಮುಖ ಅರಳಿತು. ಕದದ ಮರೆಯಲ್ಲಿ ನಿಂತು ತಿಂದಳು. ತಿಂದು ಮುಗಿಯುವ ಮೊದಲೇ ಕೇಳಿದಳು: "ಗೋದಾನ ಉಂಡಿ ಇಷ್ಟs ಇರತದೋ, ದೊಡ್ಡದಿರತದೋ?"

"ಸಣ್ಣದು," ಎಂದಳು ಮಹಾರಾಣಿ.

ಮರುದಿನ ಮಧ್ಯಾಹ್ನ ಗೋದಾಬಾಯಿ ಸೆರಗಿನೊಳಗೆ ಕೈ ಹುದುಗಿಸಿಕೊಂಡು ಉಗ್ರಾಣದಿಂದ ಹೊರಬಂದಾಗ ಅನಸೂಯಾಬಾಯಿ ತುಳಸಿಗೆ ನೀರು ಹಾಕುತ್ತಿದ್ದಳು. ಆ ಸೆರಗಿನ ಉಬ್ಬನ್ನು ಕಣ್ಣಲ್ಲೇ ಅಳೆಯುವ ಭರದಲ್ಲಿ, ನೀರು ಕಟ್ಟೆ ತುಂಬಿ, ಅಂಗಳದ ರಂಗೋಲಿ ಅಳಿಸಿ, ತನ್ನ ಕಾಲ ತನಕ ಬಂದದ್ದು ಆಕೆಗೆ ತಿಳಿಯಲಿಲ್ಲ.