ಕಾಂತರಾಜು ಸಹಿ ಹಾಕುವ ಮುನ್ನ

ಹಾಸನದ ನಮ್ಮ ಕಚೇರಿಯಲ್ಲಿ ಆಸ್ಪತ್ರೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಒದಗಬೇಕೆಂಬುದು ಮಾಲೀಕರ ಆಸೆ. ಕಾಂತರಾಜು ಪರೀಕ್ಷಿಸದೆ ಒಂದು ಸಾಲೂ ಹೊರಗೆ ಹೋಗದು ಎಂಬುದು ನಮ್ಮ ಹಣೆಬರಹ. ಕಟ್ಟಾಯದಿಂದ ಮೊದಲ ಬಸ್ಸಿಗೇ ಬರುವ ಈ ಮನುಷ್ಯನಿಗೆ ಮಾತು ಕಡಿಮೆ, ಅನುಮಾನ ಜಾಸ್ತಿ. ದಿನವೂ ಕುಡಿಯುವ ಕಾಫಿಯನ್ನೇ ಒಂದು ಗುಟುಕು ಹೀರಿ, ಸ್ವಲ್ಪ ಕಾದು, ಆಮೇಲೆ ಮುಂದುವರಿಸುತ್ತಾರೆ. ಹತ್ತು ವರ್ಷದ ಹಿಂದೆ ತಾವೇ ಬರೆದ ಕೋಡನ್ನೂ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರನ್ನು ನೋಡುವಂತೆ ನೋಡುತ್ತಾರೆ. ಕಳೆದ ತಿಂಗಳು ಡ್ರಿಪ್ ಪಂಪಿನ ಅಲಾರಂ ಕೋಡನ್ನೇ ಎಳೆಗೂಸುಗಳನ್ನು ಬೆಚ್ಚಗಿಡುವ ಯಂತ್ರಕ್ಕೆ ಹಾಕಿದೆವು. "ಮೂರು ಪಂಪಲ್ಲಿ ಓಡ್ತಾ ಐತೆ ಸಾ, ಸೈನ್ ಮಾಡ್ಬುಡಿ" ಎಂದಳು ಜೊತೆಯ ಇಂಜಿನಿಯರ್ ಸ್ಪಂದನಾ. "ಅವು ದೊಡ್ಡೋರ್ವು ಕಣಮ್ಮ, ಇದು ಮಗಿಂದು" ಎಂದು ಅವರು ವಾರವಿಡೀ ಯಂತ್ರದ ಮುಂದೆ ಕೂತರು. ನರ್ಸ್ ಒಮ್ಮೆ ಸದ್ದು ನಿಲ್ಲಿಸಿದರೆ ಅಲಾರಂ ಮತ್ತೆ ಕೂಗಲು ಐದು ನಿಮಿಷ ಬೇಕಿತ್ತು. ಅಷ್ಟರಲ್ಲಿ ಕೂಸಿನ ಮೈ ತಣ್ಣಗಾಗುತ್ತದೆ ಎಂದು ತೋರಿಸಿಕೊಟ್ಟರು. ತಲೆ ತಗ್ಗಿಸಿ ತಿದ್ದಿದೆವು. ಪಂಪಿನಿಂದ ಹಿಡಿದು ಅವರ ಪರೀಕ್ಷಾ ವರದಿಗಳನ್ನು ನಾನು ಪೂರ್ತಿ ಓದಿದ್ದು ಆಗಲೇ. ಪರೀಕ್ಷೆಗೆಂದು ಕಲ್ಪಿಸಿಕೊಂಡ ಪ್ರತಿ ರೋಗಿಗೂ ಅವರು ಹೆಸರಿಟ್ಟಿದ್ದರು: ಅರಕಲಗೂಡಿನ ಬೀರಲಿಂಗಯ್ಯ, ಅರವತ್ತೆರಡು ಕೆಜಿ; ರಾಮನಾಥಪುರದ ಪುಟ್ಟಲಕ್ಷ್ಮಮ್ಮ, ಸಕ್ಕರೆ ಕಾಯಿಲೆ. ಒಂದೂವರೆ ಕೆಜಿಯ ಕೂಸಿನ ಸಾಲಿನಲ್ಲಿ ಮಾತ್ರ ಹೆಸರಿನ ಜಾಗ ಖಾಲಿ. ಮರೆತಿರಾ ಎಂದು ಕೇಳಿದೆ. "ಇಲ್ಲ ಕಣಪ್ಪ" ಎಂದು ಪೆನ್ನಿನ ಮುಚ್ಚಳ ತೆಗೆದರು. "ಉಷಾರಾಗಿ ಮನೆಗೋಗ್ಲಿ. ಎಸ್ರು ಅವರವ್ವ ಇಡ್ತಾಳೆ."